ಮುಚ್ಚಳದ ಮೇಲಿನ ಕೆಂಡ

ನಮ್ಮೂರು ಮುನವಳ್ಳಿ. ಸವದತ್ತಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ಊರಿನ ಇತಿಹಾಸವೆಂದರೆ ಯಾರೇ ಆಗಲಿ ಮೊದಲು ಪಂಚಲಿಂಗೇಶ್ವರ ಗುಡಿಯನ್ನೂ ಅಲ್ಲಿಯ ಸೇಉಣರ ಕಾಲದ ಶಾಸನಗಳನ್ನೂ ಹೇಳುತ್ತಾರೆ. ಆಮೇಲೆ ಕೋಟೆಯ ಮಾತು. ಇನ್ನೂ ಸ್ವಲ್ಪ ಓದಿದವರಾದರೆ 1800ನೆಯ ಇಸವಿ ಜುಲೈ 30ರಂದು ಕರ್ನಲ್ ವೆಲ್ಲೆಸ್ಲಿಯ ಪಡೆ ಇದೇ ಹೊಳೆಯ ದಂಡೆಯ ಮೇಲೆ ಧೋಂಡಿಯಾ ವಾಘನ ದಂಡಿನ ಒಂದು ಭಾಗವನ್ನು ಹಿಡಿದು ಹೊಡೆದದ್ದನ್ನು ತೆಗೆಯುತ್ತಾರೆ. ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ನೆಪೋಲಿಯನ್ನನನ್ನು ಸೋಲಿಸಿದವನು ನಮ್ಮೂರ ಕೆಸರು ತುಳಿದು ಹೋದನೆಂಬುದು ನಮಗೊಂದು ಹೆಮ್ಮೆ. ಇಷ್ಟೆಲ್ಲ ಆದರೂ ಆ ದಿನ ದಂಡಿನವರು ಏನು ಉಂಡರು, ಊರಿನವರ ಒಲೆಯ ಮೇಲೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಇತಿಹಾಸ ಕಲಿಸಿ ಹೊಟ್ಟೆ ಹೊರೆದ ನಾನೂ ಕೇಳಿದವನಲ್ಲ. ಕೇಳುವ ಪ್ರಸಂಗ ಬಂದದ್ದು ಅಪ್ಪನ ಕಾಯಿಲೆಯಿಂದ.

ಅಪ್ಪನಿಗೆ ಎಂಬತ್ತೊಂದು ದಾಟಿತ್ತು. ಎದೆಯ ನೋವು ಒಮ್ಮೆ ಬಂದು ಹೋದ ಮೇಲೆ ಡಾಕ್ಟರರು ಕರಿದ ಪದಾರ್ಥಗಳನ್ನು ಪೂರ್ತಿಯಾಗಿ ಬಿಡಿಸಿದರು. ಬದನೆ, ಮೊಸರು, ರೊಟ್ಟಿಗಳ ವಿಷಯಕ್ಕೆ ಅಪ್ಪ ಒಂದು ಮಾತೂ ಆಡಲಿಲ್ಲ. ಆದರೆ ಅವರಿಗೆ ಕೋಳಿಯ ಮೇಲೆ ಆಸೆ. ಅದೂ ಸಾರಿನ ಕೋಳಿಯಲ್ಲ; ಕಡಿದರೆ ಸದ್ದಾಗಬೇಕು, ಒಳಗೆ ಮೆತ್ತಗಿರಬೇಕು. ಕೆಳಗಿನ ಸಾಲಿನಲ್ಲಿ ಉಳಿದಿದ್ದವು ನಾಲ್ಕು ಹಲ್ಲು. “ಹಲ್ಲಿದ್ದಾಗ ಕಡಲಿ ಇರಲಿಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ ಅಂತಾರ. ನನಗ ಹಲ್ಲೂ ಇಲ್ಲ, ಕಡಲೀನೂ ಇಲ್ಲದಂಗ ಮಾಡಿದ್ರಿ ನೋಡಪಾ,” ಎಂದು ಒಂದು ದಿನ ಅಂದರು. ನಗುತ್ತಲೇ ಅಂದರು. ಆದರೆ ಆ ರಾತ್ರಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೀಗೆ ಬಿಡುವುದು ತಿಂಗಳೊಪ್ಪತ್ತು ನಡೆದಾಗ ಮೈ ಇಳಿದದ್ದು ಕಣ್ಣಿಗೆ ಕಾಣತೊಡಗಿತು.

ಎಣ್ಣೆಯ ಕಡಾಯಿ ಇಲ್ಲದೆ ಕೋಳಿಯ ಎದೆಯ ಮಾಂಸವನ್ನು ಗರಿಗರಿಯಾಗಿಸಬಹುದೇ? ಪ್ರಶ್ನೆ ಹುಟ್ಟಿದ್ದು ಹೀಗೆ. ನಾನು ಮೊದಲು ಮಾಡಿದ ಪ್ರಯತ್ನಗಳನ್ನು ಹೇಳಲು ನಾಚಿಕೆಯಾಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ ಹಂಚಿನ ಮೇಲೆ ಹೊರಳಿಸಿದೆ, ಒದ್ದೆ ಅರಿವೆಯಂತಾಯಿತು. ಧಾರವಾಡದ ನನ್ನ ಮನೆಯ ಓವನ್ನಿನಲ್ಲಿ ಮುಕ್ಕಾಲು ಗಂಟೆ ಇಟ್ಟೆ, ಬೆಂಡಾಯಿತು. ಆಗ, ಪುಸ್ತಕದ ಹುಳುವಿಗೆ ಇನ್ನೆಲ್ಲಿ ದಾರಿ, ಪುಸ್ತಕಗಳ ಕಡೆಗೆ ತಿರುಗಿದೆ.

ನಮ್ಮ ನಾಡಿನ ಅಡಿಗೆಯ ಬರೆಹಕ್ಕೆ ಸಾವಿರ ವರ್ಷದ ವಯಸ್ಸಿದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರದು; ಅದರಲ್ಲಿ ಮಳೆ, ಬಾವಿ, ಗಿಡಮರಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವುಂಟು. ಅನಂತರ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಆರನೆಯ ವಿಕ್ರಮಾದಿತ್ಯನ ಮಗನಾದ ಈ ಅರಸನು ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಸರು ಮಾಡಿದವನು. ಆಗ ನಮ್ಮ ಸವದತ್ತಿಯಲ್ಲಿ, ಅಂದರೆ ಸುಗಂಧವರ್ತಿಯಲ್ಲಿ, ರಟ್ಟರು ಚಾಲುಕ್ಯರ ಮಾಂಡಲಿಕರಾಗಿದ್ದರು. ಆದ್ದರಿಂದ ಸೋಮೇಶ್ವರನು ಪರನಾಡಿನವನೇನಲ್ಲ. ಮುನವಳ್ಳಿಯ ನೆಲಕ್ಕೂ ಅವನೇ ಚಕ್ರವರ್ತಿ.

ಸಂಸ್ಕೃತದಲ್ಲಿರುವ ಆ ಗ್ರಂಥಕ್ಕೆ ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರ ‘ಅನ್ನಭೋಗ’ವನ್ನು ಓದಿದವರಿಗೆ ದೋಸೆ, ವಡೆಗಳ ಹಿರಿಯರು ಅಲ್ಲಿ ಸಿಗುತ್ತಾರೆ. ಅವುಗಳ ಪಕ್ಕದಲ್ಲಿಯೇ ಮಾಂಸಪಾಕವೂ ಉಂಟು. ಹಂದಿಯ ಕೂದಲು ತೆಗೆಯಲು ಬಟ್ಟೆ ಹೊದಿಸಿ ಬಿಸಿನೀರು ಹೊಯ್ಯುವ ಕ್ರಮ, ಇಲ್ಲವೆ ಹುಲ್ಲಿನ ಬೆಂಕಿಯಲ್ಲಿ ಸುಡುವ ಕ್ರಮ; ಮಾಂಸದ ತುಂಡುಗಳನ್ನು ಶೂಲಕ್ಕೆ ಪೋಣಿಸಿ ಕೆಂಡದ ಮೇಲೆ ಬೇಯಿಸುವ ‘ಭಡಿತ್ರಕ’; ಮಾಂಸವನ್ನು ಮೊಸರಿನೊಡನೆ, ಹುಳಿಯೊಡನೆ, ಸಾಸಿವೆಯೊಡನೆ ಹದಗೊಳಿಸುವ ಬಗೆಗಳು. ತುಪ್ಪ, ಎಣ್ಣೆಗಳಲ್ಲಿ ಕರಿಯುವುದೂ ಇಲ್ಲದಿಲ್ಲ. ಅರಮನೆಗೆ ಏನು ಕಡಿಮೆ? ಆದರೆ ಮಾಂಸದ ರುಚಿಯ ಮುಖ್ಯ ಗುರು ಅಲ್ಲಿ ಕೆಂಡವೇ. ಮೆಣಸಿನಕಾಯಿಯ ಸುಳಿವಿಲ್ಲ, ಅದು ಅಮೆರಿಕ ಖಂಡದಿಂದ ಪೋರ್ತುಗೀಜರ ಹಡಗುಗಳಲ್ಲಿ ಬಂದು ನಮ್ಮ ಬ್ಯಾಡಗಿಯಲ್ಲಿ ಬೇರೂರಲು ಇನ್ನೂ ಶತಮಾನಗಳು ಕಳೆಯಬೇಕು. ಖಾರಕ್ಕೆ ಕಾಳುಮೆಣಸು, ಶುಂಠಿ, ಸಾಸಿವೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಇಂಥ ಅರಮನೆಯ ಪುಸ್ತಕಗಳಲ್ಲಿ ಊರಕೋಳಿಗೆ ಮರ್ಯಾದೆ ಸಾಲದು. ಮನುಸ್ಮೃತಿಯು ದ್ವಿಜರಿಗೆ ಗ್ರಾಮಕುಕ್ಕುಟವನ್ನು ಸ್ಪಷ್ಟವಾಗಿ ವರ್ಜಿಸಿದೆ. ಆಗ್ನೇಯ ಏಷ್ಯಾದ ಕಾಡುಕೋಳಿಯಿಂದ ಮೂರು ಸಾವಿರದ ಐದುನೂರು ವರ್ಷಗಳ ಸುಮಾರಿಗೆ ಮನುಷ್ಯನ ಅಂಗಳಕ್ಕಿಳಿದ ಈ ಹಕ್ಕಿ ನಮ್ಮಲ್ಲಿ ಬೆಳೆದದ್ದು ಬಡವರ ತಿಪ್ಪೆಯ ಮೇಲೆ, ಉಣ್ಣಲ್ಪಟ್ಟದ್ದು ಅವರ ಹಿತ್ತಲಿನಲ್ಲಿ. ಕಾವ್ಯದಲ್ಲಿ ಅದಕ್ಕೆ ದೊಡ್ಡ ಪಾತ್ರ ಸಿಕ್ಕಿದ್ದು ಒಮ್ಮೆ, 1209ರ ಜನ್ನನ ‘ಯಶೋಧರ ಚರಿತೆ’ಯಲ್ಲಿ; ಅದೂ ಹಿಟ್ಟಿನ ಕೋಳಿಯಾಗಿ, ಬಲಿಯಾಗಿ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿದ ಅರಸನು ಜನ್ಮಜನ್ಮಾಂತರ ಅದರ ಫಲ ಉಂಡನಷ್ಟೆ. ಅಹಿಂಸೆಯನ್ನು ಹೇಳುವ ಆ ಕಥೆಯನ್ನು ಕೋಳಿ ಬೇಯಿಸಲು ಹೊರಟವನು ನೆನೆಯುವುದು ಅಷ್ಟು ಸರಿಯಲ್ಲವೇನೋ. ಆದರೆ ಅಡಿಗೆಯ ಇತಿಹಾಸ ಯಾಕೆ ಬಾಯಿ ಬಿಡುವುದಿಲ್ಲ ಎಂಬುದಕ್ಕೆ ಉತ್ತರ ಅದರಲ್ಲಿದೆ. ನಮ್ಮ ನಾಡಿನಲ್ಲಿ ಕೋಳಿಯೆಂದರೆ ಮೊದಲು ಪಾಪಪುಣ್ಯದ ಲೆಕ್ಕ, ಆಮೇಲೆ ರುಚಿಯ ಲೆಕ್ಕ. ನಮ್ಮ ಮನೆಯಲ್ಲಿಯೂ ಹಾಗೆಯೇ. ಮಂಗಳವಾರ, ಶುಕ್ರವಾರ ಎಲ್ಲವ್ವನ ದಿನಗಳು, ಕೋಳಿಯ ಹೆಸರೆತ್ತುವಂತಿಲ್ಲ. ಉಳಿದ ದಿನಗಳಲ್ಲಿ ಅಡಿಗೆಯಾದರೂ ಅದಕ್ಕೆ ಒಲೆ ಬೇರೆ, ಪಾತ್ರೆ ಬೇರೆ, ಜಾಗ ಹಿತ್ತಲು. ಹಿತ್ತಲಿನ ಅಡಿಗೆಯನ್ನು ಯಾವ ಕವಿ ಬರೆದಾನು?

ಎಣ್ಣೆಯ ಮಾತಿಗೆ ಬರೋಣ. ಕನ್ನಡ ಶಾಸನಗಳನ್ನು ಓದುವಾಗ ಗಾಣಕ್ಕೆ ಸೊಲ್ಲಗೆಯ ಲೆಕ್ಕದಲ್ಲಿ ನಂದಾದೀವಿಗೆಗೆ ಎಣ್ಣೆ ಬಿಟ್ಟ ದಾನಗಳು ಮತ್ತೆ ಮತ್ತೆ ಎದುರಾಗುತ್ತವೆ. ಸೊಲ್ಲಗೆಯಷ್ಟು ಎಣ್ಣೆಯನ್ನು ಕಲ್ಲಿನಲ್ಲಿ ಕೊರೆಸಿ, ತಪ್ಪಿದವರಿಗೆ ಶಾಪ ಹಾಕಿದ ಕಾಲವದು. ಎತ್ತು ತಿರುಗಿ ಗಾಣದಿಂದ ಕುಸುಬಿ, ಎಳ್ಳು, ಗುರೆಳ್ಳುಗಳ ಎಣ್ಣೆ ಹನಿಹನಿಯಾಗಿ ಇಳಿಯುತ್ತಿದ್ದಾಗ, ಒಂದು ಕೋಳಿಗಾಗಿ ಕಡಾಯಿ ತುಂಬ ಎಣ್ಣೆ ಸುರಿಯುವ ಸಾಹಸ ಬಡವರ ಮನೆಯಲ್ಲಿ ನಡೆದಿರಲಾರದು. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ನಮ್ಮ ಹೊಲಗಳಲ್ಲಿ ಅದು ಹರಡಿದ್ದು 19ನೆಯ ಶತಮಾನದಿಂದ ಈಚೆಗೆ. ಡಾಲ್ಡಾ ಡಬ್ಬಿ ಬಂದದ್ದು 1937ರಲ್ಲಿ. ಸೋವಿಯ ಎಣ್ಣೆ ಅದಕ್ಕೂ ಆಮೇಲಿನದು. ನಾವು ‘ಹಿಂದಿನಿಂದ ಬಂದ ರುಚಿ’ ಎಂದು ತಿಳಿದಿರುವ ಕರಿದ ಕೋಳಿ ಬಡವರ ಮನೆಯಲ್ಲಂತೂ ಎರಡು ಮೂರು ತಲೆಮಾರಿನ ಹಿಂದಿನದಲ್ಲ. ಆರು ವಾರದಲ್ಲಿ ಎರಡು ಕಿಲೋ ತೂಗುವ, ಎದೆಯಲ್ಲೇ ಮಾಂಸ ತುಂಬಿದ ಫಾರ್ಮ್ ಕೋಳಿಯಂತೂ ಅದಕ್ಕಿಂತ ಹೊಸಬ.

ಹಾಗಾದರೆ ಎಣ್ಣೆ ಕಾಣದ ಒಲೆಯಲ್ಲಿ ಮೇಲ್ಪದರನ್ನು ಒಣಗಿಸುವ ಉಪಾಯವೇನಿತ್ತು? ಉತ್ತರ ನನಗೆ ಸಿಕ್ಕಿದ್ದು ವಿಚಿತ್ರವಾಗಿ, ಮಾಂಸದ ಗಂಧವೂ ಇಲ್ಲದ ಒಂದು ಪುಸ್ತಕದಲ್ಲಿ. ಮೂರನೆಯ ಮಂಗರಸನು ಜೈನಕವಿ. 16ನೆಯ ಶತಮಾನದ ಆರಂಭದವನು. ಅವನ ‘ಸೂಪಶಾಸ್ತ್ರ’ದಲ್ಲಿ ಮುಚ್ಚಳ ರೊಟ್ಟಿಯೆಂಬುದೊಂದಿದೆ. ಕೆಳಗೂ ಕೆಂಡ, ಮೇಲೆ ಮುಚ್ಚಿದ ತಟ್ಟೆಯ ಮೇಲೂ ಕೆಂಡ; ನಡುವೆ ರೊಟ್ಟಿ. ಓದಿದ ಕೂಡಲೇ ನನ್ನ ತಪ್ಪು ನನಗೆ ಹೊಳೆಯಿತು. ಎಣ್ಣೆ ಮಾಡುವ ಕೆಲಸವೇನು? ಸುತ್ತಲಿಂದಲೂ ಏಕಕಾಲಕ್ಕೆ ಬಲವಾದ ಕಾವನ್ನು ಮುಟ್ಟಿಸುವುದು. ಮೇಲೂ ಕೆಳಗೂ ಕಾವಿದ್ದರೆ ಅದೇ ಕೆಲಸ ಒಣಗಾಳಿಯಿಂದಲೂ ಆದೀತು.

ಉಳಿದದ್ದನ್ನು ವಿಜ್ಞಾನ ಹೇಳಿತು. ಮಾಂಸದ ಮೈ ಒದ್ದೆಯಾಗಿರುವ ತನಕ ಅದರ ಕಾವು ನೀರು ಕುದಿಯುವ 100 ಡಿಗ್ರಿ ಸೆಲ್ಸಿಯಸನ್ನು ದಾಟುವುದಿಲ್ಲ. ಕೆಂಪಾಗುವ ಕ್ರಿಯೆಗೆ ಸುಮಾರು 140 ಬೇಕು. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮಯಾರ್ ಎಂಬಾತನ ಹೆಸರೇ ಅದಕ್ಕೆ ನಿಂತಿದೆ. ಒಳಗಿನ ಕಥೆ ಬೇರೆ. ಎದೆಯ ಮಾಂಸದಲ್ಲಿ ಕೊಬ್ಬಿಲ್ಲ, ಬಿಗಿಯಾದ ನರಗಳೂ ಹೆಚ್ಚಿಲ್ಲ. ಆದ್ದರಿಂದ ಬಹಳ ಹೊತ್ತು ಬೇಯಿಸಿದಷ್ಟೂ ಅದು ಮೆತ್ತಗಾಗುವುದಿಲ್ಲ, ಹಿಂಡಿಕೊಂಡು ಒಣಗುತ್ತದೆ. ನಡುವೆ 74 ಡಿಗ್ರಿ ಮುಟ್ಟಿದರೆ ರೋಗದ ಭಯವಿಲ್ಲ. ಅದನ್ನು ದಾಟಿದಷ್ಟೂ ಬೆಂಡು. ಹೊರಗೆ ಹೆಚ್ಚು ಕಾವು, ಒಳಗೆ ಸ್ವಲ್ಪ ಹೊತ್ತು. ಎರಡನ್ನೂ ಕೂಡಿಸುವುದೇ ಇದರ ಗುಟ್ಟು.

ನಾನು ಕಂಡುಕೊಂಡ ಕ್ರಮ ಇಷ್ಟು. ಅರ್ಧ ಕಿಲೋ ಎದೆಯ ಮಾಂಸವನ್ನು ಎರಡು ಪದರವಾಗಿ ಸೀಳಿ, ಎಲ್ಲ ಕಡೆಗೂ ಅರ್ಧ ಇಂಚು ದಪ್ಪ ಬರುವಂತೆ ಒನಕೆಯ ತುದಿಯಿಂದ ಮೆಲ್ಲಗೆ ತಟ್ಟಬೇಕು. ಒಂದು ಸಣ್ಣ ಚಮಚ ಉಪ್ಪು ಸವರಿ ಎರಡು ಗಂಟೆ ಇಟ್ಟರೆ ಉಪ್ಪು ಒಳಗಿಳಿದು ನೀರನ್ನು ಹಿಡಿದಿಡುತ್ತದೆ. ಆಮೇಲೆ ಅರಿವೆಯಿಂದ ಒತ್ತಿ ಒಣಗಿಸಬೇಕು. ಈ ಹೆಜ್ಜೆಯನ್ನು ಬಿಟ್ಟವರು ಮುಂದಿನದನ್ನು ಮಾಡುವುದೇ ಬೇಡ. ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು ಅರೆದು ಗಟ್ಟಿ ಮೊಸರಿನಲ್ಲಿ ಕಲಸಿ ತೆಳ್ಳಗೆ ಬಳಿಯಬೇಕು. ಮೇಲಿನ ಹೊದಿಕೆಗೆ ನನಗೆ ಒದಗಿದ್ದು ನಮ್ಮ ಖಡಕ್ ಜೋಳದ ರೊಟ್ಟಿ. ಅದನ್ನು ಕುಟ್ಟಿ ತರಿ ಮಾಡಿ, ಎಳ್ಳು ಬೆರೆಸಿ, ಎರಡು ಚಮಚ ಕುಸುಬಿ ಎಣ್ಣೆಯಲ್ಲಿ ತಿಕ್ಕಿದರೆ ಸಾಕು. ಹಸಿಹಿಟ್ಟು ಕೆಂಪಾಗುವುದರೊಳಗೆ ಮಾಂಸ ಒಣಗಿಬಿಡುತ್ತದೆ. ರೊಟ್ಟಿಯ ತರಿ ಮೊದಲೇ ಬೆಂದು ಗರಿಯಾದದ್ದು, ಅದಕ್ಕೆ ಬೇಕಾದದ್ದು ಬಿಸಿಯಷ್ಟೆ. ತುಂಡುಗಳನ್ನು ತಂತಿಯ ಜಾಳಿಗೆಯ ಮೇಲಿಡಬೇಕು, ಕೆಳಗಿನ ಉಗಿ ಹಾರಿಹೋಗಲೆಂದು. ಓವನ್ನಾದರೆ 220 ಡಿಗ್ರಿಯಲ್ಲಿ ಹದಿನೈದು ನಿಮಿಷ.

ಮುನವಳ್ಳಿಯ ಮನೆಯಲ್ಲಿ ಓವನ್ ಇಲ್ಲ. ನಾನು ಹಿತ್ತಲಿನಲ್ಲಿ ಕುಳ್ಳು, ಕಟ್ಟಿಗೆ ಹಚ್ಚಿ, ಕಬ್ಬಿಣದ ಹಂಚಿಟ್ಟು, ಮೇಲೆ ಮುಚ್ಚಲು ತಟ್ಟೆ ಹುಡುಕುತ್ತಿದ್ದೆ. ಸ್ಟೀಲಿನ ತಟ್ಟೆಗಳ ಮೇಲೆ ಕೆಂಡ ನಿಲ್ಲದೆ ಉರುಳುತ್ತಿದ್ದವು. ಅವ್ವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಅಲ್ಲೋ, ನಿಮ್ಮ ಅಜ್ಜೀ ಕೆಂಡದ ಮುಚ್ಚಳ ಅಟ್ಟದ ಮ್ಯಾಲ ಐತಿ. ಅದನ್ನ ಇಳಿಸಿಕೊ.”

ಇಳಿಸಿದೆ. ಅಂಚು ಎರಡು ಬೆರಳು ಮೇಲೆದ್ದ, ನಡುವೆ ಹಿಡಿಕೆಯ ಕಬ್ಬಿಣದ ಮುಚ್ಚಳ, ತುಕ್ಕು ಹಿಡಿದಿತ್ತು. ಅಜ್ಜಿ ಅದರಲ್ಲಿ ಏನು ಮಾಡುತ್ತಿದ್ದಳೆಂದು ಕೇಳಿದೆ. “ಎಲ್ಲಾ ಮಾಡ್ತಿದ್ಳು. ಕೋಳೀನೂ ಮಾಡ್ತಿದ್ಳು. ಅರಿಷಿಣ ಹಚ್ಚಿ, ಕಣಿಕೀ ಉರಿಯಾಗ ಸುಟ್ಟು, ಹಂಚಿನ ಮ್ಯಾಲಿಟ್ಟು ಇದನ್ನ ಮುಚ್ತಿದ್ಳು. ಎಣ್ಣಿ ಎಲ್ಲಿತ್ತು ಆಗ?” ಎಂದಳು ಅವ್ವ.

ನಾನು ಕಲ್ಯಾಣದ ಅರಮನೆಗೂ ಮಂಗರಸನ ಓಲೆಗೂ ಹೋಗಿ ಬಂದಿದ್ದೆ. ಇತಿಹಾಸ ನನ್ನ ತಲೆಯ ಮೇಲಿನ ಅಟ್ಟದಲ್ಲಿತ್ತು. ಅಜ್ಜಿ ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ಅವಳು ಕೆಂಡದ ಹದವನ್ನು ಹೇಗೆ ಅಳೆಯುತ್ತಿದ್ದಳು, ಎಷ್ಟು ಹೊತ್ತು ಮುಚ್ಚುತ್ತಿದ್ದಳು ಎಂದು ಕೇಳುವ ದಾರಿ ಮುಚ್ಚಿತ್ತು. ಅವ್ವನಿಗೆ ನೆನಪಿದ್ದದ್ದು ಅಷ್ಟೇ. ಅಕ್ಷರ ಕಲಿತ ನಾವು ಶಾಸನಗಳ ಅಚ್ಚು ತೆಗೆದುಕೊಂಡೆವು, ಈ ಹೆಂಗಸರ ಮಾತಿನ ಅಚ್ಚನ್ನು ತೆಗೆದುಕೊಳ್ಳಲಿಲ್ಲ.

ಹನ್ನೆರಡು ನಿಮಿಷದ ಮೇಲೆ ಮುಚ್ಚಳ ಎತ್ತಿದೆ. ತರಿ ಕೆಂಪಾಗಿ, ಎಳ್ಳು ಸಿಡಿದು, ವಾಸನೆ ಗೋಡೆ ದಾಟಿತ್ತು. ತುಂಡೊಂದನ್ನು ನಡುವೆ ಮುರಿದು, ಒಳಗೆ ಕೆಂಪು ಉಳಿದಿಲ್ಲವೆಂದು ನೋಡಿ ಅಪ್ಪನ ತಾಟಿಗೆ ಹಾಕಿದೆ. ಅಪ್ಪ ಅದನ್ನು ಎಡಗಡೆಗೆ, ಹಲ್ಲಿದ್ದ ಕಡೆಗೆ, ಸರಿಸಿಕೊಂಡು ಕಡಿದರು. ಸದ್ದು ನನಗೂ ಕೇಳಿಸಿತು. ಬಹಳ ಹೊತ್ತು ಮಾತಾಡಲಿಲ್ಲ.

“ನಮ್ಮವ್ವನ ಕೈ ಐತಿ ಇದರಾಗ,” ಎಂದರು ಆಮೇಲೆ. “ಆದ್ರ ಉಪ್ಪು ಕಡಿಮಿ ಆತು.”

ಆ ದಿನ ಅವರು ಎರಡು ತುಂಡು, ಒಂದು ಪೂರ್ತಿ ರೊಟ್ಟಿ ಉಂಡರು. ಮುಚ್ಚಳವನ್ನು ಅವ್ವ ಬೂದಿಯಿಂದ ತಿಕ್ಕಿ ತೊಳೆದು, ಅಟ್ಟಕ್ಕೆ ಏರಿಸದೆ ಒಲೆಯ ಪಕ್ಕದಲ್ಲಿಯೇ ಇಟ್ಟಳು.