ಕಾಳಿಯ ಕರೆಂಟು: ಹೊರುವ ತಂತಿ, ತಡೆಯುವ ಪಿಂಗಾಣಿ

ಹೈಟೆನ್ಷನ್ ತಂತಿಯ ತುಂಡು, ಇನ್ಸುಲೇಟರ್ ಬಿಲ್ಲೆಗಳು
ಅಲ್ಯೂಮಿನಿಯಂ, ಸತು ಲೇಪಿಸಿದ ಉಕ್ಕು, ಪಿಂಗಾಣಿ

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಾಳಿ ನದಿಯನ್ನು ಹಿಡಿದಿಟ್ಟಿದೆ. ಹೊಳೆಯ ಕೆಳಹರಿವಿನಲ್ಲಿ, ದಾಂಡೇಲಿಗೆ ಸಮೀಪದ ಅಂಬಿಕಾನಗರದ ಬಳಿ, ನಾಗಝರಿ ವಿದ್ಯುದಾಗಾರದ ಮೊದಲ ಘಟಕ 1979ರಲ್ಲಿ ಶುರುವಾಯಿತು. ಅಲ್ಲಿಯ ವಿದ್ಯುತ್ತು ಕಾಡು ದಾಟಿ ಬಯಲುಸೀಮೆ ಸೇರುವುದು ಇಂಥ ತಂತಿಗಳ ಮೂಲಕ.

ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿ ಮೊದಲನೆಯದು, ತಾಮ್ರ ಅದರ ಬೆನ್ನಿಗೇ ಇದೆ. ಅಲ್ಯೂಮಿನಿಯಂ ತಾಮ್ರದ ಸುಮಾರು ಶೇ 60ರಷ್ಟು ಮಾತ್ರ. ಆದರೂ ಗೆದ್ದದ್ದು ಅದೇ. ತಾಮ್ರದ ಮೂರನೇ ಒಂದು ಪಾಲಿಗಿಂತ ಕಡಿಮೆ ತೂಕ, ಬೆಲೆಯೂ ಅಗ್ಗ. ಎಳೆದು ಕಟ್ಟಲು ಬೇಕಾದ ಕಸುವನ್ನು ನಡುವಿನ ಉಕ್ಕು ಕೊಡುತ್ತದೆ. ಉಕ್ಕು ಬಡ ವಾಹಕ. ಕರೆಂಟಿನ ಹೊರೆಯೆಲ್ಲ ಹೆಚ್ಚುಕಡಿಮೆ ಅಲ್ಯೂಮಿನಿಯಂ ಮೇಲೆ. ಈ ಜೋಡಣೆ 20ನೇ ಶತಮಾನದ ಆರಂಭದ್ದು.

ಕೊಯ್ದ ತುದಿಯನ್ನು ಗಮನಿಸಿ: ಎಳೆಗಳ ಒಂದು ಪದರ ಬಲಕ್ಕೆ ಹೊಸೆದಿದ್ದರೆ ಮುಂದಿನದು ಎಡಕ್ಕೆ. ತಂತಿ ಬಿಚ್ಚಿಕೊಳ್ಳದಿರಲು ಈ ಉಪಾಯ.

ಲೋಹದಲ್ಲಿ ವಿದ್ಯುತ್ತನ್ನೂ ಶಾಖವನ್ನೂ ಒಯ್ಯುವವು ಬಿಡುಬೀಸಾಗಿ ಓಡಾಡುವ ಎಲೆಕ್ಟ್ರಾನುಗಳೇ. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಬೆರೆಸಿ ಸುಟ್ಟ ಪಿಂಗಾಣಿಯಲ್ಲಿ ಅವಕ್ಕೆ ದಾರಿಯಿಲ್ಲ. ಬಿಲ್ಲೆಯ ಅಡಿಭಾಗದ ಏಣುಗಳು ಮಳೆಗೆ ಪೂರ್ತಿ ನೆನೆಯುವುದಿಲ್ಲ, ಹಾಗಾಗಿ ಒದ್ದೆ ಮೈಮೇಲೂ ಕರೆಂಟು ಸುಲಭವಾಗಿ ಹರಿಯದು. ಜೋಯಿಡಾದ ಮಳೆಗಾಲ ಕಂಡವರಿಗೆ ಇದರ ಬೆಲೆ ಗೊತ್ತು.

ಎರಡನ್ನೂ ಮುಟ್ಟಿ ನೋಡಿ: ಅಲ್ಯೂಮಿನಿಯಂ ಬೆರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಹೆಚ್ಚು ತಣ್ಣಗಿದೆ ಅನ್ನಿಸುತ್ತದೆ. ಕರೆಂಟು ಹರಿಯುವ ಗೋಪುರಗಳ ಹತ್ತಿರ ಮಾತ್ರ ಹೋಗಬೇಡಿ.