ನಗರದ ಬಾವಿಯಲ್ಲಿ ದೊರೆತ ಬಾಣಗಳು

ಹೊಸನಗರ ತಾಲ್ಲೂಕಿನ ನಗರವು ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರೇ ಎಂಬುದನ್ನು ವಾಚಕರು ಬಲ್ಲರು. ೧೭೬೩ರಲ್ಲಿ ಹೈದರಾಲಿಯು ಅದನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ಮೊದಲರ್ಧವು ಉದುರಿ ನಗರವೆಂಬುದಷ್ಟೆ ನಿಂತಿತು. ಈ ಕೋಟೆಯ ಊರಿನ ಪಾಳುಬಾವಿಯೊಂದರಲ್ಲಿ ೨೦೦೨ರಲ್ಲಿ ಸುಮಾರು ೧೬೦ ಕಬ್ಬಿಣದ ಕೊಳವೆಗಳು ದೊರೆತುವು. ಅವು ಯುದ್ಧದ ಬಾಣಗಳೆಂದು ಸ್ಥಿರಪಡುವುದಕ್ಕೆ ಹತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ೨೦೧೮ರ ಜುಲೈ ತಿಂಗಳಲ್ಲಿ, ಒಣಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಹೊಡೆದುದರಿಂದ ಪುರಾತತ್ತ್ವ ಇಲಾಖೆಯವರು ಮೂರು ದಿನ ಅಗೆದು, ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ರಾಶಿಯಾಗಿ ಹೊರತೆಗೆದರು.

ಇಲ್ಲಿ ಬಾಣವೆಂದರೆ ಬಿಲ್ಲಿನಿಂದ ಬಿಡುವ ಅಂಬಲ್ಲ. ಮದ್ದು ತುಂಬಿ ಹಾರಿಸುವ ಬಿರುಸು, ಇಂಗ್ಲಿಷರ ರಾಕೆಟ್ಟು. ಬಿರುಸು ಹೊಸ ವಸ್ತುವೇನೂ ಅಲ್ಲ, ಜಾತ್ರೆಯಲ್ಲಿ ಹುಡುಗರೂ ಹಚ್ಚುವರು. ಆದರೆ ಕಾಗದದ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಜಡಿದರೆ ಅದು ಸಿಡಿದುಹೋಗುತ್ತದೆ. ಕಬ್ಬಿಣದ ಕೊಳವೆಯಾದರೋ ಒಳಗಣ ಒತ್ತಡವನ್ನು ತಾಳಿಕೊಂಡು, ಹೊಗೆಯನ್ನು ಹಿಂದಣ ಕಿರುಬಾಯಿಂದ ರಭಸವಾಗಿ ನೂಕುತ್ತದೆ. ಆ ನೂಕಿಗೆ ಬಾಣವು ಬಹುದೂರ ಹಾರುತ್ತದೆ. ದಾರಿ ತಪ್ಪದಂತೆ ಅದನ್ನು ಬಿದಿರಿನ ಗಳುವಿಗೋ ಕತ್ತಿಯ ಅಲಗಿಗೋ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ೧೯೮೫ರಲ್ಲಿ ಇದನ್ನು ವಿವರವಾಗಿ ಬರೆದಾಗ ಅಳತೆಗೆ ಸಿಕ್ಕುತ್ತಿದ್ದುದು ಇಂಗ್ಲೆಂಡಿನ ವೂಲಿಚ್ ಸಂಗ್ರಹದ ಎರಡು ಬಾಣಗಳು: ಒಂದರ ಕೊಳವೆ ೧೦ ಅಂಗುಲ ಉದ್ದ, ಅದರ ಕತ್ತಿ ೩ ಅಡಿ ೪ ಅಂಗುಲ, ಇನ್ನೊಂದಕ್ಕೆ ೬ ಅಡಿಗೆ ಮಿಕ್ಕ ಬಿದಿರು. ನಮ್ಮ ನಾಡಿನ ಸರಕನ್ನು ಅನ್ಯರ ಉಗ್ರಾಣದಲ್ಲಿ ಅಳೆಯಬೇಕಾದ ಸ್ಥಿತಿಯು ನಗರದ ಬಾವಿಯಿಂದ ತೀರಿತು.

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದಾಗ ಇಂಗ್ಲಿಷರಿಗೆ ೭೦೦ ಸಿದ್ಧ ಬಾಣಗಳೂ ೯,೦೦೦ ಬರಿಯ ಕೊಳವೆಗಳೂ ಸಿಕ್ಕಿದುವೆಂದು ಹೇಳುವುದುಂಟು. ವಿಲಿಯಂ ಕಾಂಗ್ರೀವನು ವೂಲಿಚ್‌ನಲ್ಲಿ ಮೈಸೂರಿನ ಮಾದರಿಯನ್ನು ತಿದ್ದಿ ತನ್ನ ಬಾಣವನ್ನು ಮಾಡಿದನು. ೧೮೦೭ರಲ್ಲಿ ಅವು ಕೋಪನ್‌ಹೇಗನ್ ಪಟ್ಟಣದ ಮೇಲೆ ಸುರಿದುವು. ಆ ಬಳಿಕ ಹೆಸರು ಕಾಂಗ್ರೀವನದಾಯಿತು. ನಮ್ಮವರು ಇದಕ್ಕೆ ಉತ್ತರವಾಗಿ ಟಿಪ್ಪುವಿನ ಹೆಸರನ್ನು ಎತ್ತುವರು. ೧೭೮೦ರ ಪೊಳ್ಳಿಲೂರಿನ ಕಾಳಗದಲ್ಲಿ ಬೈಲಿಯ ಮದ್ದಿನ ಬಂಡಿಗಳು ಸಿಡಿದುದನ್ನು ನೆನೆವರು. ದೊರೆಗಳ ಪಾಲು ದೊರೆಗಳಿಗೆ ಸಲ್ಲಲಿ. ಆದರೆ ಸಾವಿರ ಕೊಳವೆಗಳನ್ನು ಒಂದರಂತೆ ಒಂದನ್ನು ಬಡಿದು, ಬಾಯನ್ನು ಬಿಗಿಯಾಗಿ ಮುಚ್ಚಿ, ಪೆಟ್ಲುಪ್ಪನ್ನೂ ಇದ್ದಿಲನ್ನೂ ಪಾಕ ತಪ್ಪದಂತೆ ಜಡಿದವರು ಕಮ್ಮಾರರೂ ಮದ್ದಿನವರೂ. ಅವರೊಬ್ಬರ ಹೆಸರೂ ಯಾವ ಬಖೈರಿನಲ್ಲಿಯೂ ಕೇಳಿಬರುವುದಿಲ್ಲ. ಬೆಂಗಳೂರು ಪೇಟೆಯ ತಾರಾಮಂಡಲಪೇಟೆಯೆಂಬ ಹೆಸರು ಅಂತಹ ಕಸಬಿನ ನೆನಪೆಂದು ಹೇಳುವರು.

ಬಾವಿಯ ಕೊಳವೆಗಳು ತುಕ್ಕು ಹಿಡಿದಿದ್ದರೂ ಹಾರಿಸದೆ ಉಳಿದವು. ಒಳಗಣ ಮದ್ದು ಪರೀಕ್ಷೆಗೆ ಸಿಕ್ಕಿದುದು ಅದರಿಂದಲೇ. ಅವನ್ನು ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಜೋಗವನ್ನು ನೋಡಹೋಗುವ ನಮ್ಮ ಕಡೆಯವರು ದಾರಿಯಲ್ಲಿ ಅರ್ಧ ದಿನ ಅಲ್ಲಿ ತಂಗಬಹುದು.