ಗಿಡುಗದ ಕಣ್ಣೂ ಪಾಚಿಯ ಕಣ್ಚುಕ್ಕೆಯೂ

ಗಗನದಲ್ಲಿ ವಿಹರಿಸುವ ಪೆರೆಗ್ರಿನ್ ಗಿಡುಗವನ್ನೂ ಕೆರೆಯ ನೀರಿನ ಒಂದೇ ಹನಿಯಲ್ಲಿ ಸಹಸ್ರ ಸಂಖ್ಯೆಯಲ್ಲಿ ಈಸಾಡಬಲ್ಲ ಕ್ಲ್ಯಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯನ್ನೂ ಒಟ್ಟಿಗಿಟ್ಟು ತೂಗಹೊರಟರೆ ವಿದ್ವಾಂಸರು ನಕ್ಕಾರು. ಗಾತ್ರವನ್ನೋ ಪರಾಕ್ರಮವನ್ನೋ ಅಳೆಯುವುದಾದರೆ ಆ ನಗೆ ಸಕಾರಣವೇ ಸರಿ. ಆದರೆ ಬೆಳಕನ್ನು ಗ್ರಹಿಸುವ ಬಗೆಯೊಂದನ್ನೇ ವಿಚಾರಕ್ಕೆ ತೆಗೆದುಕೊಂಡಲ್ಲಿ ಈ ಹೋಲಿಕೆ ಅಸಂಗತವಾಗದು.

ಗಿಡುಗದ ಒಂದೊಂದು ಅಕ್ಷಿಪಟಲದಲ್ಲಿಯೂ ತೀಕ್ಷ್ಣದೃಷ್ಟಿಯ ಕುಳಿಗಳು ಎರಡುಂಟು: ಆಳವಿಲ್ಲದ ಒಂದು ಮುಂದಕ್ಕೆ ನೋಡಿದರೆ, ಆಳವಾದ ಇನ್ನೊಂದು ಸುಮಾರು 45 ಡಿಗ್ರಿಗಳಷ್ಟು ಪಕ್ಕಕ್ಕೆ ತಿರುಗಿದೆ. ದೂರದ ಬೇಟೆಯನ್ನು ಈ ಎರಡನೆಯದರಿಂದಲೇ ನಿಚ್ಚಳವಾಗಿ ಕಾಣಬೇಕು. ತಲೆಯನ್ನು ಓರೆಮಾಡಿಕೊಂಡು ಎರಗಿದರೆ ಗಾಳಿಯ ತಡೆ ಹೆಚ್ಚಿ ವೇಗ ಕುಂದುವುದು. ಆದುದರಿಂದ ಹಕ್ಕಿಯು ತಲೆಯನ್ನು ನೆಟ್ಟಗಿಟ್ಟು, ನೇರವಾದ ದಾರಿಯನ್ನು ತೊರೆದು, ಸುರುಳಿಯಾಗಿ ಬಾಗಿದ ಪಥವನ್ನು ಹಿಡಿಯುತ್ತದೆಂದು 2000ದಲ್ಲಿ ವ್ಯಾನ್ಸ್ ಟಕರ್ ಪ್ರತಿಪಾದಿಸಿದರು.

ಪಾಚಿಯ ಕಣ್ಣೂ ಪಕ್ಕದಲ್ಲಿಯೇ ಇದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟಿರುವ ಆ ಹಸುರು ಕೋಶವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ತಾಳ್ಮೆಯಿಂದ ನೋಡಿದವರಿಗೆ, ನಡುಭಾಗದ ಒಂದು ಮಗ್ಗುಲಲ್ಲಿ ಕಿತ್ತಳೆಬಣ್ಣದ ಚುಕ್ಕೆಯೊಂದು ಗೋಚರಿಸುವುದು. ಎರಡು ಕಶಾಂಗಗಳನ್ನು ಬಡಿಯುತ್ತ, ಸೆಕೆಂಡಿಗೆ ಹೆಚ್ಚುಕಡಮೆ ಎರಡಾವರ್ತಿ ತನ್ನ ಸುತ್ತಲೇ ತಿರುಗುತ್ತ, ತಿರುಪಿನಂತೆ ಮುಂದುವರಿಯುವ ಈ ಜೀವಿಯ ಮೇಲೆ ಬೆಳಕು ಒಂದು ಪಕ್ಕದಿಂದ ಬಿದ್ದಾಗ, ಪ್ರತಿಯೊಂದು ಸುತ್ತಿನಲ್ಲಿಯೂ ಚುಕ್ಕೆಗೆ ಒಮ್ಮೆ ಬೆಳಕು, ಒಮ್ಮೆ ಮರೆ; ಈ ಏರಿಳಿತಕ್ಕನುಗುಣವಾಗಿ ಕಶಾಂಗಗಳ ಬಡಿತ ಅಸಮವಾಗಿ, ಕೋಶವು ಬೆಳಕಿನತ್ತ ಹೊರಳುತ್ತದೆ. ಹಾಗಾಗಿ ಸುರುಳಿಯು ಗಿಡುಗಕ್ಕೆ ಕಣ್ಣಿನ ಇರುವಿಕೆಯಿಂದ ಒದಗಿದ ಬಳಸುದಾರಿ. ಪಾಚಿಗಾದರೋ ಅದೇ ದಿಕ್ಕನ್ನರಿಯುವ ಸಾಧನ. ಮಿತವ್ಯಯವನ್ನು ಮೆಚ್ಚುವ ನನ್ನಂಥವನ ಒಲವು ಪಾಚಿಯ ಕಡೆಗೇ.

ಸಾದೃಶ್ಯ ಇಲ್ಲಿಗೇ ನಿಲ್ಲದು. ಕ್ಯಾರೊಟಿನಾಯ್ಡುಗಳಿಲ್ಲದೆ ಕುರುಡಾಗಿದ್ದ ಕ್ಲ್ಯಾಮಿಡೊಮೊನಾಸ್ ತಳಿಯೊಂದು ರೆಟಿನಾಲ್ ವರ್ಗದ ದ್ರವ್ಯಗಳನ್ನು ಒದಗಿಸಿದೊಡನೆ ಮತ್ತೆ ಬೆಳಕಿಗೆ ಓಗೊಟ್ಟುದನ್ನು ಫಾಸ್ಟರ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಗಿಡುಗದ ಕಣ್ಣು ಬೆಳಕನ್ನು ಹಿಡಿಯುವುದೂ ರೆಟಿನಾಲಿನಿಂದಲೇ. ಇಷ್ಟರಿಂದಲೇ ಪಾಚಿಯನ್ನು ಗಿಡುಗದ ಕಣ್ಣಿನ ಮೂಲಪುರುಷನೆಂದು ಕರೆಯುವುದು ದುಡುಕಾದೀತು: ಎರಡರಲ್ಲಿಯೂ ರೆಟಿನಾಲನ್ನು ಹೊತ್ತ ಪ್ರೋಟೀನು ಏಳು ಸುರುಳಿಗಳದೇ ಆದರೂ, ಅವುಗಳ ಅಮೈನೋ ಆಮ್ಲಗಳ ಅನುಕ್ರಮದಲ್ಲಿ ಬಾಂಧವ್ಯದ ಗುರುತು ಸಿಗುವುದಿಲ್ಲ. ಇನ್ನೊಂದು ಅಂತರವೂ ಉಂಟು. ಪಾಚಿಯು ರೆಟಿನಾಲನ್ನು ತನ್ನ ಕೋಶದೊಳಗೇ ಸಿದ್ಧಪಡಿಸಿಕೊಳ್ಳುತ್ತದೆ. ಗಿಡುಗವು ಅದಕ್ಕೆ ಬೇಕಾದ ಎ ಜೀವಸತ್ತ್ವವನ್ನು ತಾನು ಕೊಂದ ಹಕ್ಕಿಯ ದೇಹದಿಂದಲೇ ಪಡೆಯಬೇಕು.